ನಮ್ಮ ಗೌರಿಯ ಕ್ಲೋನ್ ಮಾಡಿಸಬಹುದಾ? ತಿಳಿದವರು ಹೇಳಿ

ಕೊಟ್ಟಿಗೆಮನೆ, ತುರುವೇಕೆರೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನಮ್ಮ ಮನೆಯಲ್ಲಿ ಗೌರಿ ಅಂತ ಒಂದು ಹಳ್ಳಿಕಾರ್ ಹಸು ಇದೆ. ಈಗ ಅದಕ್ಕೆ ಹದಿನೇಳು ವರ್ಷ. ಒಂಬತ್ತು ಸೂಲು ಆಗಿದೆ. ಹಳ್ಳಿಕಾರ್ ಹಾಲಿಗೆ ಹೆಸರಾದ ತಳಿ ಅಲ್ಲ, ಆದರೂ ಇದು ಕರು ಕುಡಿದು ಮಿಕ್ಕಿದ್ದೇ ದಿನಕ್ಕೆ ಮೂರು ಲೀಟರ್ ಕೊಡುತ್ತಿತ್ತು. ಇದರ ಹೋರಿಕರುಗಳಿಗೆ ಜನ ಮನೆ ಹುಡುಕಿಕೊಂಡು ಬರುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ತುಂಬಾ ಸಾಧು. ನನ್ನ ಮಗಳು ಅಂಬೆಗಾಲಿಡುವಾಗ ಒಂದು ದಿನ ಅದರ ಹೊಟ್ಟೆ ಕೆಳಗೆ ಹೋಗಿ ಕೂತಿದ್ದಳು. ನೊಣ ಓಡಿಸೋಕೆ ಎತ್ತಿದ ಕಾಲನ್ನು ಗೌರಿ ಹಾಗೇ ಎತ್ತಿಕೊಂಡು ನಿಂತಿತ್ತು. ನಾವು ಓಡಿ ಬಂದು ಮಗುವನ್ನು ಎತ್ತಿಕೊಳ್ಳುವವರೆಗೂ ಕೆಳಗೆ ಇಡಲಿಲ್ಲ.

ಈಗ ಹಲ್ಲು ಸವೆದಿದೆ. ಒಣಹುಲ್ಲು ಅಗಿಯೋಕೆ ಆಗಲ್ಲ. ಅಪ್ಪ ಬೂಸಾ ಕಲಸಿ, ಉಂಡೆ ಮಾಡಿ ಬಾಯಿಗೆ ಇಡುತ್ತಾರೆ. ಮೊನ್ನೆ ತಮ್ಮ ಒಂದು ವಿಡಿಯೋ ತೋರಿಸಿದ. ಹರಿಯಾಣದ ಕರ್ನಾಲ್‌ನಲ್ಲಿ ಗಿರ್ ಹಸುವಿನ ಕ್ಲೋನ್, ಅಂದರೆ ಅದರದೇ ತದ್ರೂಪಿ, ಮಾಡಿದ್ದಾರೆ, ಹೆಸರು ಗಂಗಾ. ಅವತ್ತಿನಿಂದ ಅಪ್ಪನದು ಒಂದೇ ಮಾತು, "ನಮ್ ಗೌರೀನೂ ಹಂಗೇ ಮಾಡ್ಸಾಣ ಕಣ್ಲಾ." ಬೇಕಾದರೆ ಒಂದು ಎಕರೆ ಮಾರುತ್ತೇನೆ ಅಂತಾರೆ.

ಇದು ನಮ್ಮಂಥವರಿಗೆ ಆಗುವ ಕೆಲಸವಾ? ಹುಟ್ಟಿದ ಕರು ಗೌರಿಯೇ ಆಗಿರುತ್ತಾ?

ಬಿಸಿಲೂರ ಬಸು
ಅಣ್ಣ, ಎಕರೆ ಮಾರೋ ಮಾತು ಮೊದಲು ನಿಲ್ಲಿಸಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಜೀವಕೋಶ_ಬೆಂಗಳೂರು
ನಾನು ಲ್ಯಾಬ್‌ನಲ್ಲಿ ಪ್ರಾಣಿಗಳ ಜೀವಕೋಶ ಬೆಳೆಸುವ ಕೆಲಸ ಮಾಡುತ್ತೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಗಂಗಾ ಹುಟ್ಟಿದ್ದು 2023ರ ಮಾರ್ಚ್ 16ಕ್ಕೆ, ಕರ್ನಾಲ್‌ನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ. ಹುಟ್ಟಿದಾಗ 32 ಕೆ.ಜಿ. ತೂಕ. ಆ ಒಂದು ಕರುವಿಗೆ ಮೂರು ಹಸು ಬೇಕಾಯಿತು. ಗಿರ್ ಹಸುವಿನ ಮೈಯಿಂದ ಒಂದು ಕೋಶ. ಸಾಹಿವಾಲ್ ಹಸುವಿನಿಂದ ಅಂಡ. ಆ ಅಂಡದ ಸ್ವಂತ ಕೋಶಕೇಂದ್ರ (ವಂಶವಾಹಿಗಳಿರುವ ಭಾಗ) ತೆಗೆದುಹಾಕಿ, ಅದಕ್ಕೆ ಗಿರ್ ಕೋಶವನ್ನು ಸೇರಿಸಿದರು. ಭ್ರೂಣ ಬೆಳೆದ ಮೇಲೆ ಒಂದು ಕ್ರಾಸ್ ಹಸುವಿನ ಗರ್ಭದಲ್ಲಿ ಇಟ್ಟರು. ಹೊತ್ತು ಹೆತ್ತದ್ದು ಆ ಮೂರನೆಯ ಹಸು.

ಡಾಲಿ ಕುರಿಯ ಕಥೆಯೂ ಇದೇ. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಇಯಾನ್ ವಿಲ್ಮಟ್, ಕೀತ್ ಕ್ಯಾಂಪ್‌ಬೆಲ್ ಮತ್ತು ಅವರ ತಂಡ ಮಾಡಿದ್ದು. 1996ರ ಜುಲೈ 5ಕ್ಕೆ ಹುಟ್ಟಿತು, ಜಗತ್ತಿಗೆ ಗೊತ್ತಾಗಿದ್ದು 1997ರ ಫೆಬ್ರವರಿಯಲ್ಲಿ. ಕೋಶ ಕೊಟ್ಟದ್ದು ಆರು ವರ್ಷದ ಬಿಳಿ ಮುಖದ ಫಿನ್ ಡಾರ್ಸೆಟ್ ಕುರಿ, ಅದೂ ಕೆಚ್ಚಲಿನ ಕೋಶ. ಅಂಡ ಕೊಟ್ಟದ್ದೂ ಹೆತ್ತದ್ದೂ ಕಪ್ಪು ಮುಖದ ಕುರಿಗಳು. ಕಪ್ಪು ಮುಖದ ತಾಯಿಗೆ ಬಿಳಿ ಮುಖದ ಮರಿ. ನೋಡಿದ ತಕ್ಷಣವೇ ಇದು ಅದರದ್ದಲ್ಲ ಅಂತ ಗೊತ್ತಾಗುತ್ತಿತ್ತು.

ಗೌರಿಯೇ ಬರುತ್ತಾ ಅಂದರೆ, ಇಲ್ಲ. ಗೌರಿಯ ಅವಳಿ ತಂಗಿ ಹದಿನೇಳು ವರ್ಷ ತಡವಾಗಿ ಹುಟ್ಟಿದ ಹಾಗೆ ಅಂದುಕೊಳ್ಳಿ.

ತೋಟದಮನೆ
ಇದರಲ್ಲಿ ಅಷ್ಟು ಹೊಸತೇನಿದೆ? ಬಾಳೆ ಕಂದು ಕಿತ್ತು ನೆಡುವುದೂ ಕ್ಲೋನೇ ಅಲ್ವಾ? ಕಬ್ಬಿನ ತುಂಡು, ಮಲ್ಲಿಗೆ ಕಡ್ಡಿ, ಎಲ್ಲ ಅದೇ. ನಮ್ಮ ಅಜ್ಜಂದಿರು ಸಾವಿರಾರು ವರ್ಷದಿಂದ ಮಾಡಿಕೊಂಡು ಬಂದಿದ್ದಾರೆ.

ಜೀವಕೋಶ_ಬೆಂಗಳೂರು
@ತೋಟದಮನೆ ಬಾಳೆ ವಿಷಯ ನಿಜ ಸರ್, ಅದು ಕ್ಲೋನೇ. ಆದರೆ ಗಿಡದ ತುಂಡಿಗೆ ಮತ್ತೆ ಪೂರ್ತಿ ಗಿಡವಾಗುವ ಶಕ್ತಿ ಉಳಿದಿರುತ್ತೆ. ಹಸುವಿನ ಬಾಲದ ತುಂಡು ನೆಟ್ಟರೆ ಹಸು ಬರಲ್ಲ. ಕೆಚ್ಚಲಿನ ಕೋಶದೊಳಗೂ ಪೂರ್ತಿ ಹಸುವಿಗೆ ಬೇಕಾದ ಮಾಹಿತಿ ಇರುತ್ತೆ. ಆದರೆ ಅದಕ್ಕೆ ಬೇಕಿಲ್ಲದ ಪುಟಗಳನ್ನೆಲ್ಲ ಅಂಟು ಹಾಕಿ ಮುಚ್ಚಿಟ್ಟ ಹಾಗಿರುತ್ತೆ. ಆ ಅಂಟು ಬಿಡಿಸುವುದೇ ಕಷ್ಟ. ಆ ಕೆಲಸ ಮಾಡುವುದು ಅಂಡದೊಳಗಿನ ರಸ.

ಜಾನ್ ಗುರ್ಡನ್ ಅನ್ನುವವರು 1962ರಲ್ಲೇ ಗೊದಮೊಟ್ಟೆಯ ಕರುಳಿನ ಕೋಶಕೇಂದ್ರದಿಂದ ಕಪ್ಪೆ ಬೆಳೆಸಿದ್ದರು. ಆದರೂ ಬೆಳೆದ ಸಸ್ತನಿಯ ಕೋಶದಿಂದ ಆಗಲ್ಲ ಅಂತಲೇ ತುಂಬಾ ಜನ ನಂಬಿದ್ದರು. ರೋಸ್ಲಿನ್‌ನಲ್ಲಿ ಕೋಶಗಳಿಗೆ ಕೆಲವು ದಿನ ಆಹಾರ ಕಡಿಮೆ ಮಾಡಿದರು. ಹಸಿದ ಕೋಶ ಬೆಳೆಯುವುದನ್ನು ನಿಲ್ಲಿಸಿ ಸುಮ್ಮನೆ ಕೂರುತ್ತೆ. ಆ ಹಂತದಲ್ಲಿ ಅಂಡಕ್ಕೆ ಸೇರಿಸಿ, ಸಣ್ಣ ಕರೆಂಟ್ ಕೊಟ್ಟು ಬೆಸೆದರು. ಆ ಹಂತ ಹಿಡಿದದ್ದು ಮುಖ್ಯವಾಗಿ ಕ್ಯಾಂಪ್‌ಬೆಲ್.

ನೇರಮಾತು
277 ಕುರಿ ಸತ್ತ ಮೇಲೆ ಡಾಲಿ ಹುಟ್ಟಿತು. ಅದನ್ನು ಯಾಕೆ ಹೇಳುವುದಿಲ್ಲ? ಇದು ವಿಜ್ಞಾನ ಅಲ್ಲ, ಹಿಂಸೆ.

ಪಶುವೈದ್ಯೆ, ಮಲೆನಾಡು
@ನೇರಮಾತು ಲೆಕ್ಕ ತಪ್ಪಾಗಿದೆ, ತಿದ್ದಲೇಬೇಕು. 277 ಅನ್ನುವುದು ಕುರಿಗಳ ಲೆಕ್ಕ ಅಲ್ಲ, ಕೋಶ ಬೆಸೆದ ಅಂಡಗಳ ಲೆಕ್ಕ. ಅದರಲ್ಲಿ 29 ಮಾತ್ರ ಭ್ರೂಣವಾಗಿ ಬೆಳೆದವು. ಅವನ್ನು 13 ಕುರಿಗಳ ಗರ್ಭದಲ್ಲಿ ಇಟ್ಟರು. ಒಂದು ಮರಿ ಹುಟ್ಟಿತು.

ಆದರೆ ನಿಮ್ಮ ಸಂಕಟ ಸುಳ್ಳಲ್ಲ. ನಾನು ಹದಿನಾಲ್ಕು ವರ್ಷದಿಂದ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದೇನೆ. ಕಂದು ಹಾಕಿದ (ಗರ್ಭ ಜಾರಿದ) ಹಸುವಿನ ಪಕ್ಕ ರಾತ್ರಿಯೆಲ್ಲ ಕೂತಿದ್ದೇನೆ. ಕ್ಲೋನ್ ಗರ್ಭಗಳಲ್ಲಿ ಹೀಗೆ ಮಧ್ಯದಲ್ಲೇ ಹೋಗುವುದು ಜಾಸ್ತಿ. ಮಾಸು ಸರಿಯಾಗಿ ಬೆಳೆಯಲ್ಲ. ಕೆಲವು ಕರುಗಳು ಹೊಟ್ಟೆಯಲ್ಲೇ ಅತಿಯಾಗಿ ದಪ್ಪ ಆಗುತ್ತವೆ. ಆಗ ತಾಯಿಯ ಪ್ರಾಣಕ್ಕೂ ಕುತ್ತು. ಕೆಲವು ಹುಟ್ಟಿದ ಮೇಲೆ ಉಸಿರಾಡಲು ಒದ್ದಾಡುತ್ತವೆ. ಕರ್ನಾಲ್‌ನ ಮೊದಲ ಕ್ಲೋನ್ ಎಮ್ಮೆಕರು 2009ರ ಫೆಬ್ರವರಿಯಲ್ಲಿ ಹುಟ್ಟಿ ಕೆಲವೇ ದಿನದಲ್ಲಿ ನ್ಯುಮೋನಿಯಾದಿಂದ ಸತ್ತಿತು. ಅದೇ ವರ್ಷ ಜೂನ್‌ನಲ್ಲಿ ಹುಟ್ಟಿದ ಗರಿಮಾ ಎರಡು ವರ್ಷ ಬದುಕಿತು.

@ಕೊಟ್ಟಿಗೆಮನೆ ಶಿವಣ್ಣ, (ನಿಮ್ಮ ಹೆಸರು ಗೊತ್ತಿಲ್ಲ, ಹಾಗೇ ಕರೆಯುತ್ತೇನೆ) ನಿಮ್ಮ ಅಪ್ಪನಿಗೆ ಹೊತ್ತು ಹೆರುವ ಆ ಇನ್ನೊಂದು ಹಸುವಿನ ಬಗ್ಗೆಯೂ ಹೇಳಿ. ವಿಡಿಯೋದಲ್ಲಿ ಅದನ್ನು ತೋರಿಸಿರುವುದಿಲ್ಲ.

ಕೊಟ್ಟಿಗೆಮನೆ, ತುರುವೇಕೆರೆ
ಡಾಕ್ಟ್ರೇ, ಆ ಹಸುವಿನ ಬಗ್ಗೆ ನಾವು ಯೋಚನೆಯೇ ಮಾಡಿರಲಿಲ್ಲ.

ಎಮ್ಮೆ_ಪ್ರಿಯ
ಒಂದು ಮಾತು ಸೇರಿಸುತ್ತೇನೆ. ಗರಿಮಾ ಬೆಳೆದ ಎಮ್ಮೆಯ ಕೋಶದಿಂದ ಆದದ್ದಲ್ಲ, ಇನ್ನೂ ಹುಟ್ಟದ ಕರುವಿನ ಕೋಶದಿಂದ. ಬೆಳೆದ ಕೋಣದ ಕಿವಿಯ ಕೋಶದಿಂದ ಹುಟ್ಟಿದ್ದು ಶ್ರೇಷ್ಠ, 2010ರ ಆಗಸ್ಟ್‌ನಲ್ಲಿ. ಇದು ಸಣ್ಣ ವ್ಯತ್ಯಾಸ ಅಲ್ಲ. ಹುಟ್ಟದ ಕರು ಮುಂದೆ ಎಷ್ಟು ಹಾಲು ಕೊಡುತ್ತೆ ಅಂತ ಯಾರಿಗೆ ಗೊತ್ತು? ಬೆಳೆದ ಪ್ರಾಣಿಯಾದರೆ ಗುಣ ನೋಡಿ ಆರಿಸಬಹುದು. ಡಾಲಿಗೆ ಅಷ್ಟು ಹೆಸರು ಬಂದದ್ದೂ ಅದಕ್ಕೇ. 1995ರಲ್ಲೇ ರೋಸ್ಲಿನ್‌ನಲ್ಲಿ ಮೇಗನ್, ಮೊರಾಗ್ ಅಂತ ಎರಡು ತದ್ರೂಪಿ ಕುರಿ ಹುಟ್ಟಿದ್ದವು. ಅವು ಭ್ರೂಣದ ಕೋಶದವು. ಅವುಗಳ ಹೆಸರು ಎಷ್ಟು ಜನಕ್ಕೆ ಗೊತ್ತು?

ತೋಟದಮನೆ
ಕರ್ನಾಲ್‌ನವರು ಕೈಯಲ್ಲೇ ಮಾಡುತ್ತಾರೆ ಅಂತ ಓದಿದ ನೆನಪು. ಕೈಯಲ್ಲಿ ಅಂದರೆ ಹೇಗೆ?

ಜೀವಕೋಶ_ಬೆಂಗಳೂರು
ಎಮ್ಮೆಗಳಿಗೆ ಅವರು ಬಳಸಿದ ಪದ್ಧತಿ ಅದು. ಡಾಲಿ ಕಾಲದಲ್ಲಿ ಗಾಜಿನ ಸೂಜಿ ನಡೆಸುವ ದುಬಾರಿ ಮೆಷಿನ್ ಬೇಕಿತ್ತು. ಇದರಲ್ಲಿ ಅಂಡದ ಹೊರಗಿನ ಗಟ್ಟಿ ಪೊರೆಯನ್ನು ಕಿಣ್ವ ಹಾಕಿ ಕರಗಿಸುತ್ತಾರೆ. ಪೊರೆ ಹೋದ ಅಂಡ ಮೆತ್ತಗೆ, ನೀರಹನಿ ಥರ ಇರುತ್ತೆ. ಗಾತ್ರ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗದಷ್ಟು. ಸೂಕ್ಷ್ಮದರ್ಶಕ ನೋಡಿಕೊಂಡೇ ಸಣ್ಣ ಬ್ಲೇಡಿನಿಂದ, ಬರೀ ಕೈಯಲ್ಲಿ, ಕೋಶಕೇಂದ್ರ ಇರುವ ಭಾಗ ಕತ್ತರಿಸಬೇಕು. ಹಾಗೆ ಖಾಲಿ ಮಾಡಿದ ಎರಡು ಅಂಡಗಳ ಮಧ್ಯೆ ಒಂದು ಕೋಶ ಇಟ್ಟು ಕರೆಂಟಿನಲ್ಲಿ ಬೆಸೆಯುತ್ತಾರೆ. ನಾನು ಕೋಶಗಳ ಜೊತೆ ಅಷ್ಟು ಕೆಲಸ ಮಾಡಿದರೂ ಆ ಬ್ಲೇಡಿನ ಕೆಲಸ ನೆನೆಸಿಕೊಂಡರೆ ಕೈ ನಡುಗುತ್ತೆ. ಅದನ್ನು ದಿನಾ ಮಾಡುವವರ ಬಗ್ಗೆ ನನಗೆ ಬಹಳ ಗೌರವ.

ಹಳೇ_ಬೆಂಗಳೂರು
ವಿಷಯ ಬೇರೆ, ಆದರೂ ಹೇಳುತ್ತೇನೆ. ಈ ಕರ್ನಾಲ್ ಸಂಸ್ಥೆ ಮೊದಲು ಇದ್ದದ್ದು ನಮ್ಮ ಬೆಂಗಳೂರಲ್ಲಿ! 1923ರಲ್ಲಿ ಇಲ್ಲಿ ಶುರುವಾಯಿತು. 1927ರಲ್ಲಿ ಗಾಂಧೀಜಿ ಹಸು ಸಾಕಣೆ ಕಲಿಯಲು ಅಲ್ಲಿಗೆ ಬಂದಿದ್ದರು. 1955ರಲ್ಲಿ ಕೇಂದ್ರ ಕರ್ನಾಲ್‌ಗೆ ಹೋಯಿತು. ಆಡುಗೋಡಿಯಲ್ಲಿ ಈಗಲೂ ಶಾಖೆ ಇದೆ.

ಬಿಸಿಲೂರ ಬಸು
ಆಡುಗೋಡಿ ಮುಂದೆ ದಿನಾ ಬಸ್ಸಲ್ಲಿ ಹೋಗುತ್ತಿದ್ದೆ, ಇದು ಗೊತ್ತೇ ಇರಲಿಲ್ಲ.

ಎಡಿನ್‌ಬರೋ ಕನ್ನಡತಿ
ನಾನಿರುವ ಊರಲ್ಲೇ ಡಾಲಿ ಇದೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ. ಅತ್ತೆ ಮಾವ ಊರಿಂದ ಬಂದಾಗ ಕರೆದುಕೊಂಡು ಹೋಗಿದ್ದೆ. ಅತ್ತೆ ಬನ್ನೂರು ಕಡೆಯವರು, ಕುರಿ ನೋಡಿಯೇ ಬೆಳೆದವರು. ಸುಮಾರು ಹೊತ್ತು ನೋಡಿ ಕೇಳಿದರು, "ಇದಕ್ಕೆ ಮರಿ ಆಗಿತ್ತಾ?" ಆರು ಮರಿ ಆಗಿತ್ತು ಅತ್ತೆ, 1998ರಲ್ಲಿ ಮೊದಲನೇದು ಬಾನಿ, ಆಮೇಲೆ ಅವಳಿ, ಆಮೇಲೆ ತ್ರಿವಳಿ, ಎಲ್ಲ ಸಾಮಾನ್ಯ ಗರ್ಭವೇ ಅಂದೆ. "ಹಂಗಾದ್ರೆ ಸರಿಯಾದ ಕುರೀನೇ" ಅಂದರು. ಅವರಿಗೆ ಅಲ್ಲಿಗೆ ಪ್ರಶ್ನೆ ಮುಗಿಯಿತು.

ನೇರಮಾತು
ಆದರೆ ಡಾಲಿ ಬೇಗ ಮುದಿಯಾಗಿ ಸತ್ತಿತಲ್ಲ? ಆರು ವರ್ಷದ ಕುರಿಯ ಕೋಶ, ಹುಟ್ಟುವಾಗಲೇ ಆರು ವರ್ಷ. ಎಲ್ಲ ಪತ್ರಿಕೆಯಲ್ಲೂ ಬಂದಿತ್ತು.

ಎಡಿನ್‌ಬರೋ ಕನ್ನಡತಿ
ಆ ಅನುಮಾನ ಬಂದದ್ದಕ್ಕೆ ಕಾರಣ ಇತ್ತು. ಅದರ ವರ್ಣತಂತುಗಳ ತುದಿಗಳು ವಯಸ್ಸಿಗೆ ಹೋಲಿಸಿದರೆ ಗಿಡ್ಡ ಇದ್ದವು. ಕಾಲಿನ ಕೀಲು ನೋವೂ ಬಂದಿತ್ತು. ಆದರೆ ಸತ್ತದ್ದು ಮುಪ್ಪಿನಿಂದ ಅಲ್ಲ. ಒಂದು ವೈರಸ್‌ನಿಂದ ಶ್ವಾಸಕೋಶದಲ್ಲಿ ಗೆಡ್ಡೆ ಬೆಳೆದಿತ್ತು. ಕುರಿಗಳಲ್ಲಿ ಒಂದರಿಂದ ಒಂದಕ್ಕೆ ಅಂಟುವ ಕಾಯಿಲೆ ಅದು. ನರಳುವುದು ಬೇಡ ಅಂತ 2003ರ ಫೆಬ್ರವರಿ 14ರಂದು ದಯಾಮರಣ ಕೊಟ್ಟರು.

ಆಮೇಲೆ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಅದೇ ಕೆಚ್ಚಲಿನ ಕೋಶಗಳಿಂದ ಆದ ಇನ್ನೂ ನಾಲ್ಕು ಕುರಿ ಇದ್ದವು. ಡೆಬ್ಬಿ, ಡೆನಿಸ್, ಡಯಾನಾ, ಡೈಸಿ. ಅಂದರೆ ಡಾಲಿಯ ಸ್ವಂತ ಅವಳಿಗಳು. 2016ರಲ್ಲಿ ಅವನ್ನೂ ಬೇರೆ ತದ್ರೂಪಿ ಕುರಿಗಳನ್ನೂ ಪರೀಕ್ಷೆ ಮಾಡಿದರು. ಏಳರಿಂದ ಒಂಬತ್ತು ವರ್ಷದ ಕುರಿಗಳು. ವಯಸ್ಸಿಗೆ ತಕ್ಕ ಆರೋಗ್ಯ ಇತ್ತು. ಹುಟ್ಟುವಾಗ ಗಂಡಾಂತರ ಇದೆ, ನಿಜ. ದಾಟಿ ಬಂದವು ಎಲ್ಲರ ಹಾಗೆ ಬದುಕಿದವು.

ನೇರಮಾತು
ಸರಿ ಅಕ್ಕ, ಮುಪ್ಪಿನ ಮಾತು ವಾಪಸ್ ತಗೋತೀನಿ. ಹಿಂಸೆಯ ಮಾತು ತಗೊಳ್ಳಲ್ಲ.

ಗೆಜ್ಜೆಕಾಲು
ಬಣ್ಣ ಆದರೂ ಒಂದೇ ಇರುತ್ತಾ?

ಜೀವಕೋಶ_ಬೆಂಗಳೂರು
ಅದೂ ಗ್ಯಾರಂಟಿ ಇಲ್ಲ. 2001ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಮೊದಲ ತದ್ರೂಪಿ ಬೆಕ್ಕು ಹುಟ್ಟಿತು, ಸಿಸಿ ಅಂತ. ಕೋಶ ಕೊಟ್ಟದ್ದು ರೇನ್‌ಬೋ ಅನ್ನುವ ಮೂರು ಬಣ್ಣದ ಬೆಕ್ಕು. ಮರಿಯ ಮೈಮೇಲೆ ಕೇಸರಿ ಬಣ್ಣವೇ ಬರಲಿಲ್ಲ. ಹೆಣ್ಣು ಬೆಕ್ಕಿನ ಒಂದೊಂದು ಕೋಶದಲ್ಲೂ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದು ಮಲಗಿರುತ್ತೆ. ಕೇಸರಿ ಬಣ್ಣದ ವಂಶವಾಹಿ ಇರುವುದು ಆ ಎಕ್ಸ್‌ನಲ್ಲೇ. ರೇನ್‌ಬೋನಿಂದ ತೆಗೆದ ಆ ಒಂದು ಕೋಶದಲ್ಲಿ ಕೇಸರಿಯ ಎಕ್ಸ್ ಮಲಗಿತ್ತು, ಮರಿಯಲ್ಲಿ ಮತ್ತೆ ಏಳಲೇ ಇಲ್ಲ. ಕಪ್ಪು ಬಿಳಿ ಎಚ್‌ಎಫ್ ಹಸುಗಳ ತದ್ರೂಪಿಗಳಲ್ಲೂ ಮಚ್ಚೆಗಳ ಜಾಗ ಬೇರೆ ಬೇರೆ ಬರುತ್ತೆ.

ಇನ್ನೊಂದು. ಕೋಶಕೇಂದ್ರದ ಹೊರಗೆ, ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದಲ್ಲಿ 37 ವಂಶವಾಹಿ ಇವೆ. ಅವು ಹೆಚ್ಚುಕಡಿಮೆ ಎಲ್ಲ ಅಂಡ ಕೊಟ್ಟ ಹಸುವಿನದ್ದೇ.

ಕೃಷ್ಣಾತೀರ, ಬಾಗಲಕೋಟೆ
ಬಣ್ಣ ಬಿಡ್ರಿ, ಗುಣದ ಮಾತು ಕೇಳ್ರಿ. ಟೆಕ್ಸಾಸಿನ್ಯಾಗ ಚಾನ್ಸ್ ಅಂತ ಒಂದು ಬ್ರಾಹ್ಮನ್ ಹೋರಿ ಇತ್ತು. ಎಂಥಾ ಸಾಧು ಅಂದರೆ ಮಕ್ಕಳು ಅದರ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸಾಕಿದವರಿಗೆ ಅದನ್ನು ಬಿಟ್ಟು ಇರಲು ಆಗಲಿಲ್ಲ, ನಿಮ್ಮ ಅಪ್ಪಾರ ಹಂಗ. ಅದೇ ವಿಶ್ವವಿದ್ಯಾಲಯದವರು 1999ರಲ್ಲಿ ತದ್ರೂಪಿ ಮಾಡಿಕೊಟ್ಟರು. ಸೆಕೆಂಡ್ ಚಾನ್ಸ್ ಅಂತ ಹೆಸರಿಟ್ಟರು. ನೋಡಲು ಅದೇ ಹೋರಿ. ಬೆಳೆದ ಮೇಲೆ ಸಾಕಿದ ಯಜಮಾನನ ಮೇಲೆ ಎರಡು ಸಲ ಎರಗಿತು. ಎರಡನೇ ಸಲ ಕೋಡಿನಿಂದ ತಿವಿದು ಆಸ್ಪತ್ರೆಗೆ ಕಳಿಸಿತು.

ಅಂದಹಾಗೆ ಅಮೆರಿಕದ ಬ್ರಾಹ್ಮನ್ ತಳಿ ಆಗಿದ್ದು ನಮ್ಮ ದೇಶದ ದನಗಳಿಂದ. ಗಿರ್, ನೆಲ್ಲೂರು, ಗುಜರಾತಿನ ದನ, ಜೊತೆಗೆ ನಮ್ಮ ಕೃಷ್ಣಾ ಕಣಿವೆ ತಳಿಯ ರಕ್ತವೂ ಅದರಾಗ ಐತಿ. ಅದೇ ತಳಿ ನಮ್ಮ ಹೊಳಿ ದಂಡಿಯಲ್ಲಿ ಈಗ ಹುಡುಕಬೇಕು. ಟ್ರ್ಯಾಕ್ಟರ್ ಬಂತು, ಎರಿ ಹೊಲ ಹೂಡೋ ಎತ್ತು ಯಾರಿಗೂ ಬ್ಯಾಡಾತು.

ಪಶುವೈದ್ಯೆ, ಮಲೆನಾಡು
@ಕೃಷ್ಣಾತೀರ ಈ ಕಥೆ ಹೇಳಿದ್ದು ಒಳ್ಳೆಯದಾಯಿತು. ಸಾಧು ಗುಣದಲ್ಲಿ ತಳಿಯ ಪಾಲು ಇದೆ. ಆದರೆ ಕರು ಇದ್ದಾಗಿನಿಂದ ಮೈ ನೇವರಿಸಿದ ಕೈಯ ಪಾಲೂ ಇದೆ.

ದೂರದೂರು, ನ್ಯೂಜೆರ್ಸಿ
ನಾನು ಇದನ್ನು ಹತ್ತಿರದಿಂದ ನೋಡಿದವಳು. ನಮ್ಮ ಲ್ಯಾಬ್ರಡಾರ್ ಪುಟ್ಟ ಹನ್ನೆರಡನೇ ವರ್ಷಕ್ಕೆ ಹೋದ. ಇಲ್ಲಿ ದುಡ್ಡು ಕೊಟ್ಟರೆ ನಾಯಿ ಕ್ಲೋನ್ ಮಾಡಿಕೊಡುವ ಕಂಪನಿ ಇದೆ. ಐವತ್ತು ಸಾವಿರ ಡಾಲರ್. ಹಾಡುಗಾರ್ತಿ ಬಾರ್ಬ್ರಾ ಸ್ಟ್ರೈಸೆಂಡ್ ತನ್ನ ನಾಯಿಯಿಂದ ಎರಡು ಮರಿ ಮಾಡಿಸಿಕೊಂಡದ್ದು 2018ರಲ್ಲಿ ಸುದ್ದಿಯಾಗಿತ್ತು. ನಾನೂ ಫಾರಂ ತೆಗೆದಿಟ್ಟಿದ್ದೆ. ಸಾಲ ಸಿಗುತ್ತಾ ಅಂತಲೂ ವಿಚಾರಿಸಿದ್ದೆ.

ಒಂದು ರಾತ್ರಿ ಗಂಡ ಕೇಳಿದರು, "ಹೊಸ ಮರಿ ನಿನ್ನ ಗುರುತು ಹಿಡಿಯುತ್ತಾ?" ಇಲ್ಲ. ಪುಟ್ಟ ನನ್ನ ಕಾರಿನ ಸದ್ದಿಗೆ ಎರಡು ಬೀದಿ ಆಚೆಯಿಂದಲೇ ಬೊಗಳುತ್ತಿದ್ದ. ಆ ಸದ್ದು ಹೊಸ ಮರಿಗೆ ಗೊತ್ತಿರಲ್ಲ. ಫಾರಂ ಹರಿದೆ. ಈಗಲೂ ಕೆಲವು ದಿನ ಹರಿಯಬಾರದಿತ್ತು ಅನ್ನಿಸುತ್ತೆ, ಸುಳ್ಳು ಹೇಳಲ್ಲ. ಅಣ್ಣ, ನಿಮ್ಮ ಅಪ್ಪನ ಹಂಬಲ ನನಗೆ ಅರ್ಥ ಆಗುತ್ತೆ. ಅವರನ್ನು ಯಾರೂ ಹಗುರವಾಗಿ ಕಾಣಬೇಡಿ.

ಎಮ್ಮೆ_ಪ್ರಿಯ
ಪ್ರೀತಿಯ ಮಾತು ಸರಿ. ಆದರೆ ಇದರ ನಿಜವಾದ ಉಪಯೋಗ ಬೇರೆ ಕಡೆ ಇದೆ. ಒಂದು ಒಳ್ಳೆ ಮುರ್ರಾ ತಳಿಯ ಕೋಣ ಮುದಿಯಾದರೆ ಅದರ ವೀರ್ಯ ಸಿಗುವುದು ನಿಲ್ಲುತ್ತೆ. ತದ್ರೂಪಿ ಮಾಡಿದರೆ ಮುಂದುವರಿಯುತ್ತೆ. ಹಿಸಾರ್‌ನ ಎಮ್ಮೆ ಸಂಶೋಧನಾ ಸಂಸ್ಥೆಯಲ್ಲಿ 2015ರ ಡಿಸೆಂಬರ್‌ನಲ್ಲಿ ಹುಟ್ಟಿದ ಹಿಸಾರ್ ಗೌರವ್ ಇದೇ ಉದ್ದೇಶದ್ದು. ಅರ್ಜೆಂಟೀನಾದಲ್ಲಿ ಪೋಲೊ ಆಟಗಾರ ಅಡಾಲ್ಫೊ ಕಾಂಬಿಯಾಸೊ ಕ್ವಾರ್ಟೆಟೆರಾ ಅನ್ನುವ ಒಂದೇ ಕುದುರೆಯ ಆರು ತದ್ರೂಪಿಗಳನ್ನು 2016ರ ಒಂದೇ ಫೈನಲ್‌ನಲ್ಲಿ ಓಡಿಸಿದ. ಕೆಲಸ ಆಗುತ್ತೆ ಅನ್ನುವುದಕ್ಕೆ ಇನ್ನೇನು ಬೇಕು?

ಪಶುವೈದ್ಯೆ, ಮಲೆನಾಡು
ಕೆಲಸ ಆಗುತ್ತೆ. ನನ್ನ ಭಯ ಇರುವುದೇ ಅಲ್ಲಿ. ಈಗಲೇ ಕೆಲವೇ ಹೋರಿಗಳ ವೀರ್ಯ ಸಾವಿರಾರು ಹಸುಗಳಿಗೆ ಹೋಗುತ್ತಿದೆ. ಅದೇ ಹೋರಿಯನ್ನು ಮತ್ತೆ ಹತ್ತು ಮಾಡಿದರೆ ತಳಿಯ ಬುಡ ಇನ್ನೂ ಕಿರಿದಾಗುತ್ತೆ. ಒಂದು ರೋಗಕ್ಕೆ ಒಂದು ಬಿದ್ದರೆ ಎಲ್ಲವೂ ಬೀಳುತ್ತವೆ. ಹಳ್ಳಿಕಾರ್‌ಗೆ, ಅಮೃತಮಹಲ್‌ಗೆ ಬೇಕಾಗಿರುವುದು ಒಂದೇ ಹೋರಿಯ ಹತ್ತು ಪ್ರತಿ ಅಲ್ಲ, ಹತ್ತು ಊರಿನ ಹತ್ತು ಹೋರಿ.

ಎಮ್ಮೆ_ಪ್ರಿಯ
ಸೂಜಿ ಹಾಕಿ ಗಬ್ಬ ಮಾಡಿಸುವುದು ಶುರುವಾದಾಗಲೂ ಊರಿನ ಹಿರಿಯರು ಹೀಗೇ ಹೆದರಿದ್ದರು, ಡಾಕ್ಟ್ರೇ.

ಪಶುವೈದ್ಯೆ, ಮಲೆನಾಡು
ಅವರ ಹೆದರಿಕೆ ಪೂರ್ತಿ ತಪ್ಪೂ ಆಗಿರಲಿಲ್ಲ. ಹಾಲು ಹೆಚ್ಚಾಯಿತು, ಸಂತೋಷ. ನಿಮ್ಮ ಊರಲ್ಲಿ ನಾಟಿ ಹೋರಿ ಎಷ್ಟು ಉಳಿದಿದೆ, ಎಣಿಸಿ ಹೇಳಿ.

ಎಮ್ಮೆ_ಪ್ರಿಯ
ಒಂದೂ ಇಲ್ಲ.

ಕಾಡುದಾರಿ
ತಳಿ ಉಳಿಸೋಕೂ ಇದು ನೆರವಾಗುತ್ತೆ ಅನ್ನುವುದನ್ನು ಮರೆಯಬೇಡಿ. ಅಮೆರಿಕದಲ್ಲಿ ಕಪ್ಪು ಕಾಲಿನ ಫೆರೆಟ್ ಅಂತ ಮುಂಗುಸಿ ಥರ ಉದ್ದ ಮೈಯ ಪ್ರಾಣಿ ಇದೆ. 2020ರವರೆಗೆ ಇದ್ದವೆಲ್ಲ ಬರೀ ಏಳು ಪ್ರಾಣಿಗಳ ಸಂತತಿ. ವಿಲ್ಲಾ ಅನ್ನುವ ಎಂಟನೆಯದರ ಕೋಶವನ್ನು 1988ರಲ್ಲಿ ತಣ್ಣಗೆ ತೆಗೆದಿಟ್ಟಿದ್ದರು. ಅದರಿಂದ 2020ರ ಡಿಸೆಂಬರ್‌ನಲ್ಲಿ ಎಲಿಜಬೆತ್ ಆನ್ ಹುಟ್ಟಿತು. ಕಳೆದುಹೋಗಿದ್ದ ರಕ್ತವನ್ನು ವಾಪಸ್ ತರುವ ಪ್ರಯತ್ನ. ಇಲ್ಲಿ ಕ್ಲೋನಿಂಗ್ ಮಾಡಿದ್ದು ಬುಡವನ್ನು ಅಗಲ ಮಾಡೋಕೆ.

ನಮ್ಮ ಕಾಟಿಗೂ (ಕಾಡುಕೋಣ) ಒಂದು ಕಥೆ ಇದೆ. 2001ರ ಜನವರಿಯಲ್ಲಿ ಅಮೆರಿಕದ ಅಯೋವಾದಲ್ಲಿ ಬೆಸ್ಸಿ ಅನ್ನುವ ನಾಡಹಸು ಕಾಟಿಯ ಕರು ಹಾಕಿತು. ಎಂಟು ವರ್ಷ ಹಿಂದೆ ಸತ್ತಿದ್ದ ಕಾಟಿಯ ಚರ್ಮದ ಕೋಶದಿಂದ ಆದದ್ದು. ನೋವಾ ಅಂತ ಹೆಸರು. ಎರಡೇ ದಿನಕ್ಕೆ ಭೇದಿಯಾಗಿ ಸತ್ತಿತು. ನಾಗರಹೊಳೆಯಲ್ಲಿ ಬೆಳಗಿನ ಮಂಜಿನಲ್ಲಿ ಕಾಟಿ ಹಿಂಡು ದಾರಿ ದಾಟುವುದನ್ನು ನೋಡಿದಾಗೆಲ್ಲ ನನಗೆ ಆ ಕರು ನೆನಪಾಗುತ್ತೆ. ಹಿಂಡೇ ಇಲ್ಲದೆ ಹುಟ್ಟಿದ ಕರು.

ಗೆಜ್ಜೆಕಾಲು
ಓದಿ ಬೇಜಾರಾಯಿತು. ಕಾಡು ಉಳಿಸಿದರೆ ಇದೆಲ್ಲ ಬೇಕಾಗಲ್ಲ ಅಲ್ವಾ.

ಕಾಡುದಾರಿ
ಮೊದಲು ಅದೇ ಆಗಬೇಕು. ಖಂಡಿತ.

ಬಿಸಿಲೂರ ಬಸು
ಮೂಲ ಪ್ರಶ್ನೆ ಹಾಗೇ ಉಳೀತು. ಕರ್ನಾಲ್‌ನವರು ರೈತರ ಹಸು ಮಾಡಿಕೊಡುತ್ತಾರಾ?

ಪಶುವೈದ್ಯೆ, ಮಲೆನಾಡು
ಅಲ್ಲಿ ನಡೆಯುತ್ತಿರುವುದು ಸಂಶೋಧನೆ. ಹಸು ಹೊಡೆದುಕೊಂಡು ಹೋಗಿ ಬಾಗಿಲಲ್ಲಿ ನಿಂತರೆ ಮಾಡಿಕೊಡುವ ಸೇವೆ ಅಲ್ಲ. ಯಾರಾದರೂ ಏಜೆಂಟ್ ಅಂತ ಬಂದು ದುಡ್ಡು ಕೇಳಿದರೆ ಒಂದು ರೂಪಾಯಿ ಕೊಡಬೇಡಿ.

ಒಂದು ಕೇಳಬೇಕಿತ್ತು. ಗೌರಿಯ ಹೆಣ್ಣುಕರು ಯಾವುದಾದರೂ ಉಳಿಸಿಕೊಂಡಿದ್ದೀರಾ?

ಕೊಟ್ಟಿಗೆಮನೆ, ತುರುವೇಕೆರೆ
ಎರಡು ದಿನ ಬರೆಯೋಕೆ ಆಗಲಿಲ್ಲ, ಕ್ಷಮಿಸಿ. ನೀವೆಲ್ಲ ಬರೆದದ್ದನ್ನು ನಿನ್ನೆ ರಾತ್ರಿ ಅಪ್ಪನಿಗೆ ಓದಿ ಹೇಳಿದೆ. ಬೆಕ್ಕಿನ ಬಣ್ಣದ ಕಥೆಗೆ ಏನೂ ಅನ್ನಲಿಲ್ಲ. ಟೆಕ್ಸಾಸಿನ ಹೋರಿ ಕಥೆ ಎರಡು ಸಲ ಹೇಳಿಸಿದರು. ನ್ಯೂಜೆರ್ಸಿ ಅಕ್ಕನ ಮಾತು ಓದಿದ ಮೇಲೆ ಎದ್ದು ಕೊಟ್ಟಿಗೆಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಅಲ್ಲಿಂದಲೇ ಕೂಗಿ ಕೇಳಿದರು, "ಆ ಹೊತ್ತ ಹಸ ಇನ್ನೂ ಐತಾ ಅಂತ ಕೇಳು." ಗಂಗಾಳನ್ನು ಹೆತ್ತ ಹಸುವಿನ ವಿಷಯ. ಎಕರೆ ಮಾರುವ ಮಾತು ಬಿಟ್ಟಿದ್ದಾರೆ.

ಡಾಕ್ಟ್ರೇ, ಹೆಣ್ಣುಕರು ಎರಡಿದ್ದವು. ಒಂದನ್ನು ನನ್ನ ಅಕ್ಕನ ಮದುವೆಯಲ್ಲಿ ಕೊಟ್ಟೆವು. ಕೊನೇದು ಕಡಸು, ಲಕ್ಷ್ಮಿ, ಮನೆಯಲ್ಲೇ ಇದೆ. ಇನ್ನೂ ಹೋರಿ ತೋರಿಸಿಲ್ಲ. ಕೋಡು ಗೌರಿಯ ಥರವೇ ಹಿಂದಕ್ಕೆ ಬಾಗಿದೆ. ಸ್ವಲ್ಪ ಪುಕ್ಕಲು, ಹೊಸಬರನ್ನು ಕಂಡರೆ ಹಗ್ಗ ಎಳೆಯುತ್ತೆ.

ಪಶುವೈದ್ಯೆ, ಮಲೆನಾಡು
ಹಾಗಾದರೆ ಅದು ಬೆದೆಗೆ ಬಂದಾಗ ಕ್ರಾಸ್ ಹಾಕಿಸಬೇಡಿ. ನಿಮ್ಮ ಪಶು ಆಸ್ಪತ್ರೆಯಲ್ಲಿ ಹಳ್ಳಿಕಾರ್ ವೀರ್ಯದ ಸ್ಟ್ರಾ ಮೊದಲೇ ಹೇಳಿಡಿ. ಅಥವಾ ಗೌರಿಯ ಸಂಬಂಧ ಇಲ್ಲದ ಒಳ್ಳೆ ಹೋರಿ ಹುಡುಕಿ. ಅಲ್ಲಿಯವರೆಗೆ ದಿನಾ ಸ್ವಲ್ಪ ಹೊತ್ತು ಅದರ ಮೈ ತಿಕ್ಕಿ, ನಿಮ್ಮ ಮಗಳ ಕೈಯಲ್ಲಿ ಹುಲ್ಲು ಕೊಡಿಸಿ. ಗೌರಿಯ ಹಲ್ಲಿಗೆ ಗಂಜಿ, ನೆನೆಸಿದ ಹಿಂಡಿ, ಸಣ್ಣಗೆ ಕತ್ತರಿಸಿದ ಹಸಿ ಮೇವು ಕೊಡಿ. ಬರೀ ಬೂಸಾ ಸಾಲದು.

ಕೊಟ್ಟಿಗೆಮನೆ, ತುರುವೇಕೆರೆ
ಆಯ್ತು ಡಾಕ್ಟ್ರೇ. ಹಿಂಡಿ ಎಷ್ಟು ಹೊತ್ತು ನೆನೆಸಬೇಕು?

ಪಶುವೈದ್ಯೆ, ಮಲೆನಾಡು
ರಾತ್ರಿ ಹಾಕಿ, ಬೆಳಗ್ಗೆ ಕೊಡಿ. ಬೇಸಿಗೆಯಲ್ಲಿ ಹುಳಿ ಬರುತ್ತೆ, ಆಗ ಮೂರು ಗಂಟೆ ಸಾಕು.